ಮಾತು ಕೇಳುವುದೆಂದರೆ

ದೇವರ ವಾಕ್ಯವನ್ನು ತರ್ಕಕ್ಕೆ ಎಡೆಗೊಡದೆ ನಂಬಬೇಕು, ನಂಬಿದಂತೆ ನಡೆಯಬೇಕು ಎಂಬುದು ಕ್ರೈಸ್ತರ ಮನೆಗಳಲ್ಲಿ ಮಕ್ಕಳು ತೊಟ್ಟಿಲಿನಿಂದಲೇ ಕೇಳುತ್ತ ಬೆಳೆಯುವ ಮಾತು. ಇದೇ ಮಾತನ್ನು ನಾಲ್ಕು ಮಂದಿ ಓದಿದವರು ಕುಳಿತಿರುವೆಡೆ ಹೇಳಿ ನೋಡಿ. ಎಲ್ಲರಲ್ಲೂ ಒಂದು ಬಗೆಯ ಮುಜುಗರ ಹಬ್ಬುತ್ತದೆ. ‘ತರ್ಕಿಸದೆ’ ಎಂಬ ಆ ಒಂದು ಪದವೇ ಅದಕ್ಕೆ ಕಾರಣ. ನಾವು ಪ್ರಶ್ನೆಯನ್ನು ಗೌರವಿಸುವ ಕಾಲದವರು. ಪ್ರಶ್ನಿಸದೆ ಒಪ್ಪಿಕೊಂಡವನು ಒಂದೋ ಅಂಜುಬುರುಕ, ಇಲ್ಲವೇ ಸೋಮಾರಿ ಎಂಬುದು ನಮ್ಮ ಎಣಿಕೆ. ಈ ಎಣಿಕೆ ತಪ್ಪೆಂದು ನಾನು ಹೇಳಲಾರೆ. ಮೂವತ್ತು ವರ್ಷಗಳಿಗೂ ಮಿಕ್ಕಿ ತರಗತಿಯಲ್ಲಿ ಕನ್ನಡ ಪಾಠ ಹೇಳಿದವನು ನಾನು. ಪ್ರಶ್ನೆಯೇ ಏಳದ ತರಗತಿಯಷ್ಟು ಬೇಸರದ ಸ್ಥಳ ಇನ್ನೊಂದಿಲ್ಲವೆಂದು ಬಲ್ಲೆ. ಆದರೆ ಭಾನುವಾರ ಬೆಳಿಗ್ಗೆ ದೇವಾಲಯದ ಬೆಂಚಿನ ಮೇಲೆ ಕುಳಿತು ವಾಕ್ಯಕ್ಕೆ ಕಿವಿಗೊಡುವವನೂ ಅದೇ ನಾನು. ಪ್ರಶ್ನಿಸುವವನು, ವಾಕ್ಯಕ್ಕೆ ತಲೆಬಾಗುವವನು ಇಬ್ಬರೂ ಒಂದೇ ಮೈಯಲ್ಲಿ ಬಾಳುವುದು ಹೇಗೆ ಎಂಬುದನ್ನು ಕುರಿತು ಈ ಹೊತ್ತು ಕೆಲವು ಮಾತುಗಳನ್ನು ತಮ್ಮೊಡನೆ ಹಂಚಿಕೊಳ್ಳಬೇಕೆಂದಿದ್ದೇನೆ.

ಒಂದು ಪದದಿಂದ ತೊಡಗುತ್ತೇನೆ. ಕನ್ನಡ ಮೇಷ್ಟರ ಹಳೆಯ ಚಾಳಿ, ಶ್ರೋತೃಗಳು ಸೈರಿಸಿಕೊಳ್ಳಬೇಕು. ನಮ್ಮ ದೇವಾಲಯಗಳಲ್ಲಿ ‘ವಿಧೇಯತೆ’ ಎಂಬ ಸಂಸ್ಕೃತ ಶಬ್ದ ರೂಢಿಯಾಗಿದೆ. ಗಂಭೀರವಾದ ಶಬ್ದ, ಆದರೆ ಸರಕಾರಿ ಅರ್ಜಿಯ ಕೊನೆಯಲ್ಲಿ ‘ತಮ್ಮ ವಿಧೇಯ’ ಎಂದು ಬರೆದು ಬರೆದು ಅದರ ಸತ್ತ್ವ ಸೋರಿಹೋಗಿದೆ. ಮನೆಯಲ್ಲಿ ತಾಯಿ ಮಗುವಿಗೆ ಈ ಶಬ್ದವನ್ನು ಬಳಸುವುದಿಲ್ಲ. ಆಕೆ ಹೇಳುವುದು ‘ಮಾತು ಕೇಳು’ ಎಂದು. ಹೇಳಿದ ಮಾತು ಕೇಳುವ ಮಗು ಎಂದರೆ ಕಿವಿ ಚೆನ್ನಾಗಿರುವ ಮಗು ಎಂದಲ್ಲ, ಹೇಳಿದಂತೆ ನಡೆಯುವ ಮಗು ಎಂದು ನಾವೆಲ್ಲ ಬಲ್ಲೆವು. ಕಿವಿಗೆ ಬಿದ್ದದ್ದು ಕೈಕಾಲಿಗೆ ಇಳಿಯದಿದ್ದರೆ ಅದು ಕೇಳಿದಂತೆಯೇ ಅಲ್ಲ ಎಂಬುದು ನಮ್ಮ ನುಡಿಯ ಅಂತರಂಗದಲ್ಲಿರುವ ತೀರ್ಮಾನ. ಸೋಜಿಗದ ಸಂಗತಿಯೆಂದರೆ ಹಳೆಯ ಒಡಂಬಡಿಕೆಯ ಭಾಷೆಯಾದ ಹೀಬ್ರೂವಿನಲ್ಲಿಯೂ ಹೀಗೆಯೇ. ‘ಶಾಮಾ’ ಎಂಬ ಒಂದೇ ಧಾತು ಆಲಿಸುವುದಕ್ಕೂ ಹೌದು, ಆಜ್ಞೆಯಂತೆ ನಡೆಯುವುದಕ್ಕೂ ಹೌದು. ವಿಧೇಯತೆಗೆಂದು ಆ ಪ್ರಾಚೀನ ಭಾಷೆ ಬೇರೊಂದು ಕ್ರಿಯಾಪದವನ್ನು ಹುಟ್ಟಿಸಿಕೊಳ್ಳುವ ಗೋಜಿಗೇ ಹೋಗಲಿಲ್ಲ. ಹೊಸ ಒಡಂಬಡಿಕೆಯ ಗ್ರೀಕ್ ಪದವಾದ ‘ಹುಪಾಕೊಯೆ’ಯನ್ನು ಬಿಡಿಸಿದರೆ ಕೆಳಗೆ ಕುಳಿತು ಕೇಳುವುದು ಎಂಬ ಚಿತ್ರ ಸಿಗುತ್ತದೆ. 

ಕನ್ನಡದಲ್ಲಾದರೋ ಈ ಪದಕ್ಕೆ ಇನ್ನೂ ಒಂದು ಮಗ್ಗುಲಿದೆ. ‘ಕೇಳು’ ಎಂದರೆ ಪ್ರಶ್ನಿಸು ಎಂದೂ ಆಗುತ್ತದೆ. ಗುರುವಿನ ಮಾತು ಕೇಳಿದ ಶಿಷ್ಯ, ಗುರುವನ್ನು ಕೇಳಿದ ಶಿಷ್ಯ. ಎರಡು ವಾಕ್ಯಗಳಿಗೂ ಕ್ರಿಯಾಪದ ಒಂದೇ. ವಿಧೇಯನಾಗುವವನನ್ನೂ ಪ್ರಶ್ನಿಸುವವನನ್ನೂ ನಮ್ಮ ನುಡಿ ಒಂದೇ ಚಾಪೆಯ ಮೇಲೆ ಕುಳ್ಳಿರಿಸಿದೆ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮೊದಲಾದವರು ಸತ್ಯವೇದವನ್ನು ಕನ್ನಡಕ್ಕೆ ತರಲು ಹೆಣಗುತ್ತಿದ್ದಾಗ ಈ ಅನುಕೂಲವನ್ನು ಗಮನಿಸಿದರೋ ಇಲ್ಲವೋ, ನನಗಂತೂ ಇದು ಕನ್ನಡ ಕ್ರೈಸ್ತನಿಗೆ ದೊರೆತ ಒಂದು ಭಾಗ್ಯವೆಂದೇ ತೋರುತ್ತದೆ.

ಲೂಕನ ಸುವಾರ್ತೆಯ ಐದನೆಯ ಅಧ್ಯಾಯದಲ್ಲಿ ಒಂದು ಪ್ರಸಂಗವಿದೆ. ಗೆನೆಜರೇತ ಸರೋವರದ ದಡ, ಬೆಳಗಿನ ಹೊತ್ತು. ಸಿಮೋನ ಪೇತ್ರ ಮತ್ತು ಅವನ ಸಂಗಡಿಗರು ರಾತ್ರಿಯಿಡೀ ಬಲೆ ಬೀಸಿ ಒಂದು ಮೀನೂ ಸಿಗದೆ ಬಲೆ ತೊಳೆಯುತ್ತಿದ್ದಾರೆ. ಯೇಸು ಅವನ ದೋಣಿಯಲ್ಲಿ ಕುಳಿತು ಜನರಿಗೆ ಉಪದೇಶಿಸಿ, ಅದು ಮುಗಿದ ಮೇಲೆ ಆಳವಿರುವ ಕಡೆಗೆ ದೋಣಿ ನಡೆಸಿ ಬಲೆ ಹಾಕಲು ಹೇಳುತ್ತಾನೆ. ಹೇಳಿದವನು ಬಡಗಿ, ಕೇಳಿಸಿಕೊಂಡವನು ಹುಟ್ಟು ಬೆಸ್ತ. ಕರಾವಳಿಯಲ್ಲಿ ಬೆಳೆದ ನನಗೆ ಈ ಸನ್ನಿವೇಶದ ಇರಿಸುಮುರಿಸು ಚೆನ್ನಾಗಿ ಅರ್ಥವಾಗುತ್ತದೆ. ಕಡಲಿಗೆ ಹೋಗುವವರಿಗೆ ದಡದಲ್ಲಿ ನಿಂತವರು ಬುದ್ಧಿ ಹೇಳಬಾರದು. ಹೇಳಿದರೆ ಏನು ಉತ್ತರ ಬರುತ್ತದೆಂಬುದನ್ನು ಬಾನುಲಿಯಲ್ಲಿ ನುಡಿಯುವಂತಿಲ್ಲ! ಪೇತ್ರನೂ ತನ್ನ ಕಸುಬಿನ ಮಾತನ್ನು ಹೇಳದೆ ಬಿಡಲಿಲ್ಲ: ರಾತ್ರಿಯೆಲ್ಲ ದುಡಿದೆವು, ಏನೂ ಸಿಗಲಿಲ್ಲ ಎಂದ. ಅದು ಅನುಭವದ ಮಾತು, ನಿಜವಾದ ಮಾತು, ಅದರಲ್ಲಿ ಸುಳ್ಳೇನೂ ಇಲ್ಲ. ಅಷ್ಟು ಹೇಳಿ, ‘ಆದರೂ ನಿನ್ನ ಮಾತಿದೆಯಲ್ಲ’ ಎಂಬ ಅರ್ಥದಲ್ಲಿ ಬಲೆಗೆ ಕೈ ಹಾಕಿದ. ತೊಳೆದು ಇರಿಸಿದ ಬಲೆ ಎಂಬುದನ್ನು ನೆನಪಿಡಬೇಕು, ಇನ್ನೊಮ್ಮೆ ತೊಳೆಯಬೇಕಾಗುತ್ತದೆ. ನಾನು ಮತ್ತೆ ಮತ್ತೆ ಈ ಕಥೆಗೆ ಹಿಂದಿರುಗುವುದು ಮುಂದೆ ಬಲೆ ಹರಿಯುವಷ್ಟು ಮೀನು ಬಿದ್ದುದಕ್ಕಾಗಿ ಅಲ್ಲ, ಆ ‘ಆದರೂ’ ಎಂಬ ಅವ್ಯಯಕ್ಕಾಗಿ. ಪೇತ್ರ ತನ್ನ ಅನುಭವವನ್ನು ಅಲ್ಲಗಳೆಯಲಿಲ್ಲ, ಮರೆಮಾಚಲಿಲ್ಲ. ಅದನ್ನು ಕೊನೆಯ ಮಾತಾಗಲು ಬಿಡಲಿಲ್ಲ, ಅಷ್ಟೆ.

ಹಾಗಾದರೆ ದೇವರನ್ನು ಪ್ರಶ್ನಿಸುವಂತಿಲ್ಲವೇ? ಸತ್ಯವೇದವನ್ನು ತೆರೆದು ನೋಡಿದವರು ಹಾಗೆ ಹೇಳಲಾರರು. ಸೊದೋಮ್ ಪಟ್ಟಣವನ್ನು ಅಳಿಸಲು ಹೊರಟ ದೇವರೊಡನೆ ಅಬ್ರಹಾಮ ಸಂತೆಯಲ್ಲಿ ಚೌಕಾಸಿ ಮಾಡುವವನಂತೆ ಐವತ್ತು ಮಂದಿ ನೀತಿವಂತರಿಂದ ತೊಡಗಿ ಹತ್ತಕ್ಕೆ ಇಳಿಸಿದ. ಯೋಬನ ಪುಸ್ತಕದ ಬಹುಭಾಗ ದೇವರ ಮೇಲಿನ ಫಿರ್ಯಾದೇ. ಕೊನೆಗೆ ದೇವರು ಬೈದದ್ದು ಯೋಬನನ್ನಲ್ಲ, ದೇವರ ಪರವಾಗಿ ವಕಾಲತ್ತು ವಹಿಸಿ ಸಲೀಸಾಗಿ ಮಾತನಾಡಿದ ಅವನ ಗೆಳೆಯರನ್ನು. ಕೀರ್ತನೆಗಳಲ್ಲಿ ‘ಏಕೆ’, ‘ಎಷ್ಟರವರೆಗೆ’ ಎಂಬ ಕೂಗು ಎಷ್ಟು ಸಲ ಬರುತ್ತದೆಯೋ ಲೆಕ್ಕವಿಲ್ಲ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಕಲಿಸಿದ್ದು ಉರಿಯುವ ಪೊದೆಯ ಮುಂದೆ ನಿಂತ ಮೋಶೆಯ ಪ್ರಸಂಗ. ಐಗುಪ್ತಕ್ಕೆ ಹೋಗೆಂದು ದೇವರು ಅಪ್ಪಣೆ ಮಾಡಿದಾಗ ಮೋಶೆ ಒಂದಲ್ಲ, ಐದು ಸಲ ಎದುರಾಡುತ್ತಾನೆ. ತಾನೆಷ್ಟರವನು ಎಂದ, ಸಮಾಧಾನ ದೊರೆಯಿತು. ಕಳುಹಿಸಿದವನ ಹೆಸರೇನೆಂದು ಹೇಳಲಿ ಎಂದ; ಹೆಸರು ದೊರೆಯಿತು. ಜನ ನಂಬದಿದ್ದರೆ ಎಂದ, ಗುರುತುಗಳು ದೊರೆತವು. ತನಗೆ ಮಾತು ಬಾರದು ಎಂದ. ನಾಲಿಗೆಯನ್ನು ಉಂಟುಮಾಡಿದವನೇ ಜತೆಗಿರುವನೆಂಬ ಭರವಸೆ ದೊರೆಯಿತು. ಈ ನಾಲ್ಕಕ್ಕೂ ದೇವರು ಬೇಸರಿಸಿಕೊಂಡಂತೆ ಕಾಣುವುದಿಲ್ಲ. ಐದನೆಯ ಸಲ ಮೋಶೆ, ಬೇರೆ ಯಾರನ್ನಾದರೂ ಕಳುಹಿಸಬಾರದೇ ಎಂದ. ಆಗ ಮಾತ್ರ ದೇವರಿಗೆ ಸಿಟ್ಟು ಬಂದಿತೆಂದು ವಿಮೋಚನಕಾಂಡ ಹೇಳುತ್ತದೆ. ಏಕೆಂದರೆ ಐದನೆಯದು ಪ್ರಶ್ನೆಯಲ್ಲ. ಪ್ರಶ್ನೆಯ ಅಂಗಿ ತೊಟ್ಟ ನಿರಾಕರಣೆ. ಮೊದಲ ನಾಲ್ಕು ಮಾತುಗಳಲ್ಲಿ ಹೋಗುವುದು ಹೇಗೆಂಬ ಚಿಂತೆಯಿತ್ತು, ಕೊನೆಯದರಲ್ಲಿ ಹೋಗದಿರುವುದು ಹೇಗೆಂಬ ಚಿಂತೆ. ‘ತರ್ಕಿಸದೆ’ ಎಂದು ನಮ್ಮ ಹಿರಿಯರು ಹೇಳಿದಾಗ ಅವರ ಮನಸ್ಸಿನಲ್ಲಿದ್ದುದು ಈ ಐದನೆಯ ಮಾತೆಂದು ನನ್ನ ನಂಬಿಕೆ. ಎಲ್ಲ ಹಿರಿಯರೂ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆಂದು ಮಾತ್ರ ಪ್ರಮಾಣ ಮಾಡಲಾರೆ.

ಇದು ಕ್ರೈಸ್ತರಿಗೆ ಮಾತ್ರ ಮೀಸಲಾದ ವಿವೇಕವೂ ಅಲ್ಲ. ಕುರುಕ್ಷೇತ್ರದಲ್ಲಿ ಅರ್ಜುನ ಕೇಳದೆ ಬಿಟ್ಟ ಪ್ರಶ್ನೆಯೇ ಇಲ್ಲ. ಹದಿನೆಂಟನೆಯ ಅಧ್ಯಾಯದ ಕೊನೆಗೆ, ಸಂದೇಹ ಕಳೆಯಿತು, ನೀನು ಹೇಳಿದಂತೆ ಮಾಡುತ್ತೇನೆ ಎನ್ನುತ್ತಾನೆ. ನಚಿಕೇತನ ಕ್ರಮ ಇದಕ್ಕೆ ತಿರುವುಮುರುವು. ತಂದೆಯ ಬಾಯಿಂದ ಬಂದ ಕಠೋರವಾದ ಮಾತನ್ನು ಮೊದಲು ಪಾಲಿಸಿ ಯಮನ ಬಾಗಿಲಿಗೆ ಹೋದ. ಅಲ್ಲಿ ಕುಳಿತು ಅಂಥಿಂಥದಲ್ಲ, ಸಾವಿನ ಪ್ರಶ್ನೆಯನ್ನೇ ಕೇಳಿದ. ಒಬ್ಬ ಕೇಳಿ ನಡೆದ, ಇನ್ನೊಬ್ಬ ನಡೆದು ಕೇಳಿದ. ಇಬ್ಬರಲ್ಲಿ ಯಾರೂ ಕೇಳುತ್ತ ಕೇಳುತ್ತ ಕುಳಿತೇ ಇರಲಿಲ್ಲ.

ಅಬ್ರಹಾಮ ತನ್ನ ಮಗನನ್ನು ಮೊರೀಯ ಬೆಟ್ಟಕ್ಕೆ ಕರೆದೊಯ್ದ ಕಥೆಯನ್ನು ಏಕೆ ಎತ್ತಲಿಲ್ಲವೆಂದು ಯಾರಾದರೂ ಕೇಳಬಹುದು. ಪರರ ಊರಿಗಾಗಿ ಅಷ್ಟೊಂದು ವಾದಿಸಿದವನು ಸ್ವಂತ ಮಗನಿಗಾಗಿ ತುಟಿ ಬಿಚ್ಚಲಿಲ್ಲ. ಡೆನ್ಮಾರ್ಕಿನ ಕೀರ್ಕೆಗಾರ್ಡ್ 1843ರಲ್ಲಿ ಈ ಒಂದು ಕಥೆಯ ಸುತ್ತಲೇ ಒಂದು ಪುಸ್ತಕ ಬರೆದ. ನಾನು ಅದನ್ನು ಓದಿ ನಡುಗಿದ್ದೇನೆಯೇ ಹೊರತು ಅದರ ಬಗ್ಗೆ ಹತ್ತು ನಿಮಿಷದ ಭಾಷಣ ಮಾಡುವ ಧೈರ್ಯ ನನಗಿಲ್ಲ. ನಮ್ಮ ನಿಮ್ಮಂಥವರ ದಿನಚರಿಯಲ್ಲಿ ಬರುವುದು ಮೊರೀಯ ಬೆಟ್ಟವಲ್ಲ, ಬೀದಿ, ಗದ್ದೆ, ಅಂಗಡಿ.

ಆದರೆ ಇಲ್ಲಿ ಒಂದು ಅಪಾಯವನ್ನು ಹೇಳದೆ ಮುಂದೆ ಹೋಗುವುದು ಪ್ರಾಮಾಣಿಕತೆಯಾಗದು. ‘ಎದುರು ಮಾತನಾಡಬೇಡ, ದೇವರ ವಾಕ್ಯ ಹೀಗೆ ಹೇಳುತ್ತದೆ’ ಎಂಬುದು ಕೈಯಲ್ಲಿ ಬೆತ್ತವಿದ್ದವರಿಗೆ ಬಲು ಪ್ರಿಯವಾದ ಮಾತು. 1807ರಲ್ಲಿ ಲಂಡನ್ನಿನಲ್ಲಿ ಒಂದು ವಿಚಿತ್ರವಾದ ಸತ್ಯವೇದ ಅಚ್ಚಾಯಿತು. ವೆಸ್ಟ್ ಇಂಡೀಸಿನ ಬ್ರಿಟಿಷ್ ದ್ವೀಪಗಳ ಗುಲಾಮರಿಗೆಂದು ಆಯ್ದು ಕೂಡಿಸಿದ ಭಾಗಗಳು ಅವು. ಇಸ್ರಾಯೇಲ್ಯರು ಐಗುಪ್ತದ ದಾಸತ್ವದಿಂದ ಬಿಡುಗಡೆ ಹೊಂದಿ ಹೊರಟ ವೃತ್ತಾಂತವನ್ನು ಅದರಿಂದ ತೆಗೆದುಹಾಕಿದ್ದರು. ದಾಸರು ಒಡೆಯರ ಮಾತು ಕೇಳಬೇಕೆಂಬ ಭಾಗವನ್ನು ಜೋಪಾನವಾಗಿ ಉಳಿಸಿಕೊಂಡಿದ್ದರು. ಆ ಪುಸ್ತಕದ ಪ್ರತಿಗಳು ಇಂದಿಗೂ ಒಂದೆರಡು ಗ್ರಂಥಾಲಯಗಳಲ್ಲಿ ಉಳಿದಿವೆ. ನನಗೆ ಅದರಲ್ಲಿ ಕಾಣುವುದು ಒಡೆಯರ ಕ್ರೌರ್ಯ ಮಾತ್ರವಲ್ಲ, ಅವರ ಭಯವೂ ಹೌದು. ಇಡೀ ವಾಕ್ಯವನ್ನು ಗುಲಾಮನ ಕೈಗೆ ಕೊಟ್ಟರೆ ಅವನು ಯಾರ ಮಾತು ಕೇಳಿಯಾನು ಎಂಬ ಭಯ. ಆದುದರಿಂದ ತರ್ಕಿಸದೆ ನಂಬು ಎಂದು ನನಗೆ ಹೇಳುವವರನ್ನು ನಾನು ಒಂದು ಪ್ರಶ್ನೆ ಕೇಳದೆ ಬಿಡುವುದಿಲ್ಲ: ನೀವು ಕೊಡುತ್ತಿರುವುದು ಇಡೀ ಪುಸ್ತಕವೋ, ಹಾಳೆ ಹರಿದ ಪುಸ್ತಕವೋ?

ಜರ್ಮನಿಯಲ್ಲಿ ಹಿಟ್ಲರನ ಆಡಳಿತ ತೊಡಗಿದಾಗಲೂ ಬಹುಪಾಲು ಸಭೆಗಳ ಬಾಯಲ್ಲಿ ವಿಧೇಯತೆಯ ಮಾತೇ ಇತ್ತು. ಆಳುವವರಿಗೆ ಅಧೀನರಾಗಿರಬೇಕೆಂದು ಪೌಲನು ರೋಮಾಪುರದವರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯ ಅವರಿಗೆ ಸಾಕಾಗಿತ್ತು. 1934ರ ಮೇ ತಿಂಗಳ ಕೊನೆಯಲ್ಲಿ ಬಾರ್ಮೆನ್ ಎಂಬ ಊರಿನಲ್ಲಿ ಕೂಡಿದ ಕೆಲವು ಸಭೆಗಳ ಪ್ರತಿನಿಧಿಗಳು ಒಂದು ಘೋಷಣೆ ಹೊರಡಿಸಿದರು. ಅದರ ಕರಡನ್ನು ಸಿದ್ಧಪಡಿಸಿದವರಲ್ಲಿ ಕಾರ್ಲ್ ಬಾರ್ತ್ ಪ್ರಮುಖ. ಕೇಳಬೇಕಾದ, ನಂಬಬೇಕಾದ, ಬದುಕಿನಲ್ಲೂ ಸಾವಿನಲ್ಲೂ ಮಣಿಯಬೇಕಾದ ದೇವವಾಕ್ಯ ಒಂದೇ, ಅದು ಯೇಸು ಕ್ರಿಸ್ತ ಎಂಬುದು ಅದರ ಮೊದಲ ವಿಧಿಯ ತಾತ್ಪರ್ಯ. ನೋಡಿ, ಇದು ಭಾನುವಾರದ ಶಾಲೆಯ ಮಕ್ಕಳಿಗೆ ಕಲಿಸುವ ಅದೇ ಹಳೆಯ ಪಾಠ: ನಂಬು, ಮಾತು ಕೇಳು. ಆದರೆ ಆ ವರ್ಷ, ಆ ದೇಶದಲ್ಲಿ ಅದು ಬಂಡಾಯದ ಮಾತಾಯಿತು. ಒಬ್ಬನ ಮಾತನ್ನು ಪೂರ್ತಿಯಾಗಿ ಕೇಳುವವನು ಉಳಿದವರ ಮಾತನ್ನೆಲ್ಲ ಕೇಳಲಾರ.

ಆ ಬಳಗಕ್ಕೆ ಸೇರಿದವನು ಡೀಟ್ರಿಚ್ ಬಾನ್‌ಹಾಫರ್ ಎಂಬ ತರುಣ ಪಾದ್ರಿ. ಹಿಂದೂಸ್ಥಾನಕ್ಕೆ ಬಂದು ಗಾಂಧೀಜಿಯವರೊಡನೆ ಇರಬೇಕೆಂಬುದು ಅವನ ಬಯಕೆಯಾಗಿತ್ತು; 1934ರಲ್ಲಿ ಗಾಂಧೀಜಿ ಅವನಿಗೆ ಬರುವಂತೆ ಕಾಗದವನ್ನೂ ಬರೆದಿದ್ದರು, ಬರಲಾಗಲಿಲ್ಲ. 1937ರಲ್ಲಿ ಅವನು ಶಿಷ್ಯತ್ವವನ್ನು ಕುರಿತು ಒಂದು ಪುಸ್ತಕ ಪ್ರಕಟಿಸಿದ. ಅದರಲ್ಲಿ ಒಂದು ತಮಾಷೆಯ ನಿದರ್ಶನವಿದೆ. ಮಲಗು ಹೋಗು ಎಂದು ತಂದೆ ಮಗುವಿಗೆ ಹೇಳುತ್ತಾನೆ. ಮಗು ದೇವಶಾಸ್ತ್ರ ಓದಿದ ಮಗು. ಅಪ್ಪ ಹೀಗೆ ಹೇಳಿದ್ದು ನನಗೆ ದಣಿವಾಗಿದೆಯೆಂದು. ದಣಿವು ಹೋಗಲೆಂಬುದೇ ಅವನ ಇಚ್ಛೆ. ಆಟವಾಡಿದರೂ ದಣಿವು ಹೋಗುತ್ತದೆ. ಆದುದರಿಂದ ಮಲಗು ಎಂದರೆ ನಿಜಾರ್ಥದಲ್ಲಿ ಆಡಲು ಹೋಗು ಎಂದೇ, ಎಂದು ತೀರ್ಮಾನಿಸಿ ಆಡಲು ಓಡುತ್ತದೆ. ಈ ಮಗುವನ್ನು ನಾನು ಬಹಳ ಕಡೆ ಕಂಡಿದ್ದೇನೆ. ಪ್ರಸಂಗ ಪೀಠಗಳಲ್ಲಿ ಕಂಡಿದ್ದೇನೆ, ವಿದ್ವತ್‌ಗೋಷ್ಠಿಗಳಲ್ಲಿ ಕಂಡಿದ್ದೇನೆ. ನೆರೆಯವನನ್ನು ಪ್ರೀತಿಸು ಎಂಬಲ್ಲಿ ನೆರೆಯವನು ಯಾರೆಂದು ವ್ಯಾಖ್ಯಾನಿಸಲು ತೊಡಗಿ, ವ್ಯಾಖ್ಯಾನ ಮುಗಿಯುವಷ್ಟರಲ್ಲಿ ನೆರೆಯವನು ಮನೆ ಖಾಲಿ ಮಾಡಿ ಹೋಗಿರುತ್ತಾನೆ.

ಬಾನ್‌ಹಾಫರನ ಬಾಳಿನಲ್ಲಿಯೂ ಇಂಥ ತರ್ಕಕ್ಕೆ ಅವಕಾಶ ಬಂದಿತ್ತು. 1939ರ ಜೂನಿನಲ್ಲಿ ಗೆಳೆಯರು ಅವನನ್ನು ಅಮೆರಿಕಕ್ಕೆ ಕರೆಸಿಕೊಂಡರು. ಯುದ್ಧ ಹೊಸ್ತಿಲಲ್ಲಿತ್ತು, ನ್ಯೂಯಾರ್ಕಿನಲ್ಲಿ ಉಳಿದರೆ ಜೀವ ಉಳಿಯುತ್ತದೆ, ಪಾಠ ಹೇಳಬಹುದು, ಬರೆಯಬಹುದು. ಅವನ ಮನಸ್ಸು ನಿಲ್ಲಲಿಲ್ಲ. ದಿನಕ್ಕೊಂದು ವಾಕ್ಯ ಓದುವ ಅಭ್ಯಾಸದಲ್ಲಿ ಒಂದು ದಿನ ಪೌಲನು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯ ಕೊನೆಯ ಭಾಗ ಅವನೆದುರು ಬಂದಿತು. ಚಳಿಗಾಲಕ್ಕೆ ಮೊದಲೇ ಬಂದುಬಿಡು ಎಂದು ಸೆರೆಯಲ್ಲಿದ್ದ ಪೌಲ ತನ್ನ ಶಿಷ್ಯನನ್ನು ಕೇಳಿಕೊಳ್ಳುವ ಮಾತು ಅದು. ಅದೇ ಅಧ್ಯಾಯದಲ್ಲಿ, ಬರುವಾಗ ತ್ರೋವದಲ್ಲಿ ಬಿಟ್ಟುಬಂದ ನಿಲುವಂಗಿಯನ್ನೂ ಪುಸ್ತಕಗಳನ್ನೂ ತರಬೇಕೆಂದಿದೆ. ಅಂದರೆ ಇದು ಸಿದ್ಧಾಂತವಲ್ಲ, ಆಜ್ಞೆಯೂ ಅಲ್ಲ, ಒಬ್ಬ ಮುದುಕನ ಸ್ವಂತ ಕಾಗದ. ನನಗೂ ಇದಕ್ಕೂ ಏನು ಸಂಬಂಧವೆಂದು ಪಂಡಿತನಾದ ಬಾನ್‌ಹಾಫರ್ ಕೇಳಿಕೊಂಡಿದ್ದರೆ ಯಾವ ಪಂಡಿತನೂ ತಪ್ಪೆನ್ನುತ್ತಿರಲಿಲ್ಲ. ಅವನು ಅದನ್ನು ತನಗೇ ಹೇಳಿದ ಮಾತೆಂದು ತೆಗೆದುಕೊಂಡ. ಹಾಗೆ ತೆಗೆದುಕೊಳ್ಳುವುದು ವಾಕ್ಯದ ದುರುಪಯೋಗವಲ್ಲವೆಂದು ದಿನಚರಿಯಲ್ಲಿ ಬರೆದಿಟ್ಟ. ಜುಲೈ ತಿಂಗಳಲ್ಲಿ ಹಡಗು ಹತ್ತಿ ಜರ್ಮನಿಗೆ ಹಿಂದಿರುಗಿದ. 1943ರಲ್ಲಿ ಸೆರೆಯಾದ, 1945ರ ಏಪ್ರಿಲ್ 9ರಂದು ಫ್ಲಾಸೆನ್‌ಬುರ್ಗ್ ಶಿಬಿರದಲ್ಲಿ ಅವನನ್ನು ನೇಣಿಗೆ ಹಾಕಿದರು. ಆಗ ಅವನಿಗೆ ಮೂವತ್ತೊಂಬತ್ತು ವರ್ಷ.

ಇಷ್ಟು ದೊಡ್ಡವರ ವಿಷಯ ಹೇಳಿದರೆ ಒಂದು ತೊಡಕಿದೆ. ವಿಧೇಯತೆಯೆಂಬುದು ಹುತಾತ್ಮರ ಸ್ವತ್ತು, ನಮಗಲ್ಲ ಎಂದು ನಾವು ನೆಮ್ಮದಿಯಿಂದ ಕೈ ತೊಳೆದುಕೊಳ್ಳಬಹುದು. ಅರಾಮ್ಯರ ಸೇನಾಪತಿ ನಾಮಾನನ ತೊಡಕು ಇದೇ. ಕುಷ್ಠದಿಂದ ಗುಣವಾಗಲೆಂದು ಎಲೀಷನ ಮನೆಬಾಗಿಲಿಗೆ ಬಂದರೆ, ಪ್ರವಾದಿ ಹೊರಕ್ಕೂ ಬಾರದೆ, ಯೊರ್ದನ್ ಹೊಳೆಯಲ್ಲಿ ಏಳು ಸಲ ಮುಳುಗೆಂದು ಆಳಿನ ಕೈಲಿ ಹೇಳಿ ಕಳುಹಿಸಿದ. ನಮ್ಮ ದಮಸ್ಕದ ಹೊಳೆಗಳು ಇದಕ್ಕಿಂತ ಕಡಮೆಯೇ ಎಂದು ನಾಮಾನ ಸಿಡಿಮಿಡಿಗೊಂಡು ಹೊರಟ. ಅವನನ್ನು ತಡೆದವರು ಅವನ ಸೇವಕರು. ಪ್ರವಾದಿ ಏನಾದರೂ ಕಷ್ಟದ ಕೆಲಸ ಹೇಳಿದ್ದರೆ ಮಾಡುತ್ತಿರಲಿಲ್ಲವೇ, ಇದು ಸುಲಭವೆಂದು ಬಿಡುವುದೇಕೆ ಎಂದು ಅವರು ಕೇಳಿದರು. ಗಮನಿಸಿ, ಇದೂ ತರ್ಕವೇ; ಬಲು ಗಟ್ಟಿಯಾದ ತರ್ಕ. ಆದರೆ ಹೊಳೆಯ ಕಡೆಗೆ ಕರೆದೊಯ್ಯುವ ತರ್ಕ.

ನಮ್ಮ ಕರಾವಳಿಯ ಹಳೆಯ ಸಭೆಗಳ ಚರಿತ್ರೆಯಲ್ಲಿ ಇಂಥ ಹೊಳೆ ಕಳ್ಳಿನ ರೂಪದಲ್ಲಿ ಅಡ್ಡ ಬಂದಿತು. ಬಾಸೆಲ್ ಮಿಷನ್ನಿನವರು 1834ರಲ್ಲಿ ಮಂಗಳೂರಿಗೆ ಬಂದ ಮೇಲೆ ಸಭೆಗೆ ಸೇರಿದವರಲ್ಲಿ ಬಿಲ್ಲವರು ಬಹುಮಂದಿ. ಅವರಲ್ಲಿ ಅನೇಕರಿಗೆ ಮೂರ್ತೆ ಕಸುಬು, ಎಂದರೆ ತಾಳೆ, ತೆಂಗುಗಳಿಂದ ಕಳ್ಳಿಳಿಸುವುದು. ಸಭೆಗೆ ಬಂದವರು ಅದನ್ನು ಬಿಡಬೇಕೆಂದು ಮಿಷನ್ನಿನವರು ಹೇಳಿದರು. ಬೇರೆ ಕಸುಬು ತಿಳಿಯದು, ಬಿಟ್ಟರೆ ಉಪವಾಸ. ಕಾನಾ ಊರಿನ ಮದುವೆಯಲ್ಲಿ ಕರ್ತನೇ ನೀರನ್ನು ದ್ರಾಕ್ಷಾರಸ ಮಾಡಿದನಲ್ಲ ಎಂದು ವಾದಿಸುವುದಕ್ಕೆ ಅವರಿಗೆ ಧಾರಾಳವಾಗಿ ಎಡೆಯಿತ್ತು. ದೇವರ ಮಾತು ಯಾವುದು, ಮಿಷನ್ನಿನ ಕಟ್ಟಳೆ ಯಾವುದು ಎಂದು ಅಲ್ಲಿ ಗೆರೆ ಎಳೆಯುವುದು ಇಂದಿಗೂ ಕಷ್ಟ. ನಾನು ಎಳೆಯಹೊರಟರೆ ನಮ್ಮ ಸಭೆಯಲ್ಲೇ ಎರಡು ಪಕ್ಷಗಳಾದಾವು. ಬಿಟ್ಟವರು ಬಿಟ್ಟರು. ಆಗ ಮಾತು ಕೇಳುವ ಸರದಿ ಹೇಳಿದವರದಾಯಿತು. ಕಸುಬು ಬಿಡಿಸಿದವರು ಕಸುಬು ಕೊಡಬೇಕಲ್ಲ. ಬಲ್ಮಠದ ನೇಯ್ಗೆ, 1865ರಲ್ಲಿ ಜೆಪ್ಪುವಿನಲ್ಲಿ ತೊಡಗಿದ ಹಂಚಿನ ಕಾರ್ಖಾನೆ ಮೊದಲಾದ ಉದ್ಯಮಗಳ ಹಿಂದೆ ಇದ್ದ ಕಾರಣಗಳಲ್ಲಿ ಇದೂ ಒಂದು. ಇಂದು ನಾಡಿನ ಎಷ್ಟೋ ಹಳೆಯ ಮನೆಗಳ ಮಾಡಿನ ಮೇಲಿರುವ ಕೆಂಪು ಹಂಚನ್ನು ನೋಡಿದಾಗ ಕತ್ತಿ ಕೆಳಗಿಟ್ಟು ಆವೆಮಣ್ಣಿಗೆ ಕೈಯಿಟ್ಟ ಆ ಅನಾಮಧೇಯರನ್ನು ನಾನು ನೆನೆಯುತ್ತೇನೆ.

ನನ್ನ ಅಜ್ಜಿಗೆ ಓದು ಅಷ್ಟಕ್ಕಷ್ಟೆ. ಮನೆಮಾತು ತುಳು, ದೇವಾಲಯದ ಮಾತು ಕನ್ನಡ, ಸತ್ಯವೇದವನ್ನು ಬೆರಳಿಟ್ಟು ಕೂಡಿಸಿ ಓದುತ್ತಿದ್ದರು. ಕೂಲಿಯವನ ಕೂಲಿಯನ್ನು ಸೂರ್ಯ ಮುಳುಗುವ ಮೊದಲೇ ಕೊಡಬೇಕು, ಅವನು ಬಡವ, ಅದನ್ನೇ ನೆಚ್ಚಿಕೊಂಡಿದ್ದಾನೆ ಎಂಬ ಅರ್ಥದ ಮಾತು ಧರ್ಮೋಪದೇಶಕಾಂಡದಲ್ಲಿ ಬರುತ್ತದೆ. ಅಜ್ಜಿ ಅದನ್ನು ಓದಿದ್ದರು, ಅಷ್ಟೆ, ವ್ಯಾಖ್ಯಾನ ಕೇಳಿರಲಿಲ್ಲ. ನಾಟಿಯ ದಿನಗಳಲ್ಲಿ ಹೊತ್ತು ಇಳಿಯುತ್ತಿದ್ದಂತೆ ಅವರಿಗೆ ಚಡಪಡಿಕೆ. ಮಳೆಗಾಲದಲ್ಲಿ ಸೂರ್ಯನೇ ಕಾಣದಿದ್ದರೆ ಇನ್ನೂ ಫಜೀತಿ. ಯಾವುದಕ್ಕೂ ಇರಲಿ ಎಂದು ನಾಲ್ಕು ಗಂಟೆಗೇ ಲೆಕ್ಕ ಚುಕ್ತಾ ಮಾಡಿಬಿಡುತ್ತಿದ್ದರು. ಒಮ್ಮೆ ಮನೆಯಲ್ಲಿ ಕಾಸಿರಲಿಲ್ಲ. ‘ನಾಳೆ ಕೊಟ್ಟರಾಯಿತು ಅಮ್ಮಾ, ಓಡಿಹೋಗುತ್ತೀರಾ?’ ಎಂದರು ನಾಟಿಯ ಹೆಂಗಸರು. ‘ನಿಮಗೆ ನಾಳೆ ಆದೀತು, ನನಗೆ ಆಗದು’ ಎಂದು ಅಜ್ಜಿ ನನ್ನನ್ನು ಅಂಗಡಿಗೆ ಓಡಿಸಿ ಸಾಲ ತರಿಸಿ ಕೊಟ್ಟರು. ಅವರ ಕಾಲದಲ್ಲಿ ಕೂಲಿಯ ಕಾನೂನನ್ನು ಅವರಿಗೆ ಯಾರೂ ಓದಿ ಹೇಳಿರಲಿಲ್ಲ. ಇಂದು ಕೈಯಲ್ಲಿರುವ ಮೊಬೈಲನ್ನು ಒತ್ತಿದರೆ ಕ್ಷಣಾರ್ಧದಲ್ಲಿ ಹಣ ಹೋಗುತ್ತದೆ. ಆದರೂ ಮೇಸ್ತ್ರಿಯ ಬಾಕಿ, ಮನೆಗೆಲಸದವಳ ಬಾಕಿ ತಿಂಗಳುಗಟ್ಟಲೆ ಉಳಿಯುವುದು ನಿಂತಿಲ್ಲ. ವಿಚಾರಿಸಿದರೆ ಎಲ್ಲರ ಬಳಿಯೂ ಸಕಾರಣವಾದ ಉತ್ತರವಿದೆ.

ಅಪ್ಪನ ವಿಷಯ ಒಂದು ಹೇಳಿ ಮುಗಿಸುತ್ತೇನೆ. ಅಪ್ಪನಿಗೂ ದೊಡ್ಡಪ್ಪನಿಗೂ ತೋಟದ ಗಡಿಯ ವಿಷಯದಲ್ಲಿ ವ್ಯಾಜ್ಯವಿತ್ತು. ಕೋರ್ಟಿಗೆ ಹೋಗಿತ್ತು, ಎರಡು ಮನೆಗಳ ನಡುವೆ ಮಾತು ನಿಂತು ಮೂರು ವರ್ಷವಾಗಿತ್ತು. ನಾನಾಗ ಹೈಸ್ಕೂಲಿನ ಹುಡುಗ. ಮರುದಿನ ದೇವಾಲಯದಲ್ಲಿ ಕರ್ತನ ಭೋಜನವಿದ್ದ ಒಂದು ಶನಿವಾರ ಸಂಜೆ ಅಪ್ಪ ಮತ್ತಾಯನ ಸುವಾರ್ತೆಯ ಐದನೆಯ ಅಧ್ಯಾಯ ಓದುತ್ತಿದ್ದವರು ಪುಸ್ತಕ ಮುಚ್ಚಿ ಅಂಗಿ ತೊಟ್ಟುಕೊಂಡರು. ಯಜ್ಞವೇದಿಯ ಬಳಿ ನಿಂತಿರುವಾಗ ಸಹೋದರನ ಮನಸ್ಸಿನಲ್ಲಿ ನಿನ್ನ ಮೇಲೆ ಏನಾದರೂ ಇದೆಯೆಂದು ನೆನಪಾದರೆ ಕಾಣಿಕೆಯನ್ನು ಅಲ್ಲಿಯೇ ಬಿಟ್ಟು ಮೊದಲು ಹೋಗಿ ಸಮಾಧಾನವಾಗು ಎಂಬ ಉಪದೇಶ ಅಲ್ಲಿದೆ. ಅಮ್ಮ ತಡೆದರು. ಅವರ ತರ್ಕ ನ್ಯಾಯವಾದದ್ದೇ: ತಪ್ಪು ಅವರದು, ಬರಬೇಕಾದವರು ಅವರು, ಈಗ ನೀವು ಹೋದರೆ ಸೋಲೊಪ್ಪಿಕೊಂಡರೆಂದು ವಕೀಲರು ಕೋರ್ಟಿನಲ್ಲಿ ಹೇಳುತ್ತಾರೆ. ಅಪ್ಪ, ‘ತಪ್ಪು ಯಾರದೆಂದು ಇದರಲ್ಲಿ ಬರೆದಿಲ್ಲ’ ಎಂದಷ್ಟೇ ಹೇಳಿ, ಟಾರ್ಚು ಹಿಡಿಯಲು ನನ್ನನ್ನು ಕರೆದುಕೊಂಡು ಗದ್ದೆಯ ಹುಣಿಯ ಮೇಲೆ ನಡೆದರು.

ದೊಡ್ಡಪ್ಪ ಚಾವಡಿಯಲ್ಲಿ ಕುಳಿತಿದ್ದರು. ಏಳಲಿಲ್ಲ. ‘ಯಾರು ಕಳುಹಿಸಿದರು? ವಕೀಲರೋ?’ ಎಂದರು.

‘ಇಲ್ಲ ಅಣ್ಣಾ, ಮತ್ತಾಯ ಕಳುಹಿಸಿದ’ ಎಂದರು ಅಪ್ಪ.

ದೊಡ್ಡಪ್ಪನಿಗೆ ಅರ್ಥವಾಗದೆ ಇರಲಿಲ್ಲ. ಅವರು ಸಭೆಯ ಹಿರಿಯರಲ್ಲಿ ಒಬ್ಬರು. ಆದರೂ ಮಾತನಾಡಲಿಲ್ಲ. ಅಪ್ಪ ತಾವು ಹೇಳಬೇಕೆಂದು ಬಂದಿದ್ದ ನಾಲ್ಕು ಮಾತುಗಳನ್ನು ನಿಂತೇ ಹೇಳಿದರು. ದೊಡ್ಡಮ್ಮ ತಂದಿರಿಸಿದ ಕಾಫಿ ಆರಿತು. ನಾವು ಬಂದ ದಾರಿಯಲ್ಲೇ ಹಿಂದಿರುಗಿದೆವು. ಮರುದಿನ ಅಪ್ಪ ಎದ್ದು ಕರ್ತನ ಭೋಜನ ತೆಗೆದುಕೊಂಡರು. ದೊಡ್ಡಪ್ಪ ಬೆಂಚಿನಲ್ಲೇ ಕುಳಿತಿದ್ದರು. ಮುಂದಿನ ತಿಂಗಳೂ ಏಳಲಿಲ್ಲ. ಮೂರನೆಯ ತ��ಂಗಳು ಒಂದು ಶನಿವಾರ ರಾತ್ರಿ ಊಟದ ಹೊತ್ತಿಗೆ ನಮ್ಮ ಮನೆಗೆ ಬಂದರು, ಉಂಡರು, ಹೋದರು. ಗಡಿಯ ಮಾತು ಇಬ್ಬರೂ ಎತ್ತಲಿಲ್ಲ. ಅದು ಅದರ ಪಾಡಿಗೆ ಕೋರ್ಟಿನಲ್ಲಿ ಇನ್ನೆರಡು ವರ್ಷ ನಡೆಯಿತು. ಕೊನೆಗೆ ತೀರ್ಪು ದೊಡ್ಡಪ್ಪನ ಕಡೆಗಾಯಿತು. ಅಪ್ಪ ಬೇಲಿಯನ್ನು ಆರು ಅಡಿ ನಮ್ಮ ಒಳಕ್ಕೆ ಸರಿಸಿ ಹಾಕಿಸಿದರು. ಬೇಲಿ ಹಾಕಲು ಬಂದ ಆಳುಗಳಿಗೆ ಅಂದು ಸಂಜೆ ಹೊತ್ತು ಮುಳುಗುವ ಮೊದಲೇ ಕೂಲಿ ಎಣಿಸಿ ಕೊಟ್ಟವರು ದೊಡ್ಡಪ್ಪ.